ಹೋಗಿ ಬಾ ಎಂದಿದ್ದೆವು

ಮೊದಲು ಉರಿದದ್ದು ಬ್ಲೌಸಿನ ಪಟ್ಟಿ.

ಎಡಗಡೆ, ಎದೆಯ ಕೆಳಗೆ, ಬ್ಲೌಸ್ ಮುಗಿಯುವ ಜಾಗದಲ್ಲಿ. ಬೆಳಿಗ್ಗೆ ಹೊಲಿಗೆ ಮೆಷಿನ್ ಮುಂದೆ ಕೂತಾಗ ಚುರ್ ಎಂದಿತು. ಒಳಗೆ ಗುಂಡುಪಿನ್ ಉಳಿದುಕೊಂಡಿರಬೇಕು ಎಂದುಕೊಂಡೆ. ಮೂವತ್ತೆರಡು ವರ್ಷದಿಂದ ಕೊಳ್ಳೇಗಾಲದ ಹೆಂಗಸರಿಗೆ ಬ್ಲೌಸ್ ಹೊಲಿದವಳು ನಾನು. ನನ್ನ ಬ್ಲೌಸಿನಲ್ಲೇ ಪಿನ್ ಬಿಟ್ಟುಕೊಂಡೆನಲ್ಲ ಎಂದು ನಾಚಿಕೆಯಾಗಿ, ಒಳಗೆ ಹೋಗಿ ಬಿಚ್ಚಿ ಕೊಡವಿ ನೋಡಿದೆ. ಪಿನ್ ಇರಲಿಲ್ಲ. ಬೇರೆ ಬ್ಲೌಸ್ ಹಾಕಿಕೊಂಡೆ. ಅದೂ ಚುಚ್ಚಿತು.

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಮಗಳು ಚೈತ್ರ ಸೀಮಂತ ಮುಗಿಸಿಕೊಂಡು ಯಳಂದೂರಿನ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಿದ್ದಳು. ಎಂಟನೇ ತಿಂಗಳು. ಮೊದಲ ಹೆರಿಗೆ ತವರಿನಲ್ಲಿ, ಬಾಣಂತನ ತಾಯಿಯ ಕೈಯಲ್ಲಿ. ಅದಕ್ಕೆ ನಾನು ಮೂರು ತಿಂಗಳಿಂದ ತಯಾರಾಗುತ್ತಿದ್ದೆ. ಹಳೆಯ ಕಾಟನ್ ಸೀರೆಗಳನ್ನು ಹರಿದು, ಒಗೆದು, ಅಂಚು ಮಡಿಸಿ ಹೊಲಿದು ಕೂಸಿನ ಬಟ್ಟೆ ಮಾಡಿಟ್ಟಿದ್ದೆ. ಹೊಸ ಬ್ಲೌಸ್ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದ್ದೆ. ಐವತ್ತಾರು ವರ್ಷದ ಬದುಕಿನಲ್ಲಿ ನಾನು ಇಷ್ಟು ಆಸೆಪಟ್ಟು ಕಾದದ್ದು ಇನ್ನೊಂದಿಲ್ಲ. ಮಗಳ ಕೂಸಿಗೆ ನೀರು ಹಾಕಬೇಕು, ಒರೆಸಬೇಕು, ಎದೆಗೆ ಒತ್ತಿಕೊಂಡು ಮಲಗಿಸಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು.

ಮೂರನೇ ದಿನ ಎಡ ಪಕ್ಕೆಯಲ್ಲಿ ಕೆಂಪು ಎದ್ದಿತು. ಸಂಜೆಗೆ ನೀರುಗುಳ್ಳೆ. ಮಾರನೇ ದಿನ ಎದೆಯ ಕೆಳಗಿನಿಂದ ಬೆನ್ನಿನವರೆಗೆ ಗುಳ್ಳೆಗಳ ಒಂದು ಪಟ್ಟಿ. ಅಳತೆ ಟೇಪು ಹಿಡಿದು ಗುರುತು ಮಾಡಿದರೂ ಅಷ್ಟು ನೇರ ಬರುತ್ತಿರಲಿಲ್ಲ. ನಡು ಎದೆಗೆ ಬಂದು ನಿಂತಿತ್ತು, ಬಲಕ್ಕೆ ಒಂದಿಷ್ಟೂ ದಾಟಿರಲಿಲ್ಲ.

ಪಕ್ಕದ ಮನೆಯ ಪುಟ್ಟತಾಯಮ್ಮ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಸರ್ಪಸುತ್ತು ಕಣ್ ಮಾದೇವಮ್ಮ. ತಲೆನೂವೆ ಬಾಲನೂವೆ ಸೇರ್ಕಂಡ್ರೆ ಕಷ್ಟ. ಮದ್ಲು ಕೆಮ್ಮಣ್ಣು ಆಕಿಸ್ಕ ಬಾ."

ನಾನು ಹಾಕಿಸಿಕೊಂಡೆ. ಒಂದು ದಿನವಲ್ಲ, ಎರಡು ದಿನ. ಸರ್ಪಸುತ್ತಿಗೆ ಕೆಮ್ಮಣ್ಣು ಹಾಕುವ ತಾತ ತುಂಬ ಭಕ್ತಿಯಿಂದಲೇ ಹಾಕಿದರು. ಅವರನ್ನು ಇವತ್ತಿಗೂ ದೂರುವುದಿಲ್ಲ. ಆದರೆ ಆ ಎರಡು ದಿನ ನನ್ನ ಕೈಯಲ್ಲಿದ್ದ ದಿನಗಳು. ಔಷಧಿಗೆ ಗುಳ್ಳೆ ಎದ್ದ ಮೊದಲ ಮೂರು ದಿನವೇ ಮುಖ್ಯ ಎಂದು ಆಮೇಲೆ ಗೊತ್ತಾಯಿತು.

ಆರನೇ ದಿನ ಯಜಮಾನರು ಬೀಜ ಗೊಬ್ಬರದ ಅಂಗಡಿಗೆ ಬಾಗಿಲು ಹಾಕಿ ನನ್ನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೆಮ್ಮಣ್ಣಿನ ಗುರುತು ನೋಡಿದರು. ಬೈಯಲಿಲ್ಲ. ಹರ್ಪಿಸ್ ಜೋಸ್ಟರ್ ಎಂದು ಚೀಟಿಯಲ್ಲಿ ಬರೆದರು.

"ಚಿಕ್ಕವರಿದ್ದಾಗ ಚಿಕನ್ ಪಾಕ್ಸ್ ಆಗಿತ್ತಾ ನಿಮಗೆ?"

"ಅಮ್ಮ ಬಂದಿದ್ಲು ಸಾ. ಎಂಟು ವರ್ಷದೋಳಿದ್ದೆ."

"ಅದೇ ಇದು."

ನನಗೆ ಅರ್ಥವಾಗಲಿಲ್ಲ. ಅವರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಆವತ್ತು ಗುಳ್ಳೆ ಒಣಗಿದ ಮೇಲೆ ಆ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕ, ನರದ ಬುಡದಲ್ಲಿ ಸೇರಿಕೊಂಡು ಮಲಗಿಬಿಡುತ್ತದೆ. ವಯಸ್ಸಾಗಿ ದೇಹದ ಶಕ್ತಿ ಸ್ವಲ್ಪ ಇಳಿದಾಗ ಎದ್ದು, ಅದೇ ನರದ ದಾರಿ ಹಿಡಿದು ಹೊರಗೆ ಬರುತ್ತದೆ. ಅದಕ್ಕೇ ಪಟ್ಟಿಯ ಹಾಗೆ, ಒಂದೇ ಕಡೆ.

"ಅಂದ್ರೆ ನಲವತ್ತೆಂಟು ವರ್ಷ ನನ್ನೊಳಗೇ ಇತ್ತಾ ಸಾ?"

"ನಿಮ್ಮೊಳಗೇ ಇತ್ತು."

ಅಮ್ಮ ಹೋಗಿರಲಿಲ್ಲ.

ಮಾತ್ರೆ ಬರೆದುಕೊಟ್ಟು ಡಾಕ್ಟರು ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು ಇದ್ದಾರಾ? ಮಗಳಿದ್ದಾಳೆ ಎಂದೆ. ಅವಳಿಗೆ ಚಿಕನ್ ಪಾಕ್ಸ್ ಆಗಿದೆಯಾ, ಸರಿಯಾಗಿ ಯೋಚನೆ ಮಾಡಿ ಹೇಳಿ ಎಂದರು. ಯೋಚನೆ ಮಾಡುವುದೇನು ಬಂತು? ಅವಳಿಗೂ ಅಮ್ಮ ಬಂದಿದ್ದಳು, ಆಗ ಐದು ವರ್ಷ, ಕೌದಳ್ಳಿಯ ನನ್ನ ತವರಿನಲ್ಲಿದ್ದಾಗ. ಆಗಿದೆ ಸಾ ಎಂದೆ. ಹಾಗಾದರೆ ಅಷ್ಟು ಭಯವಿಲ್ಲ, ಆದರೂ ಗುಳ್ಳೆ ಮುಚ್ಚಿಕೊಂಡಿರಿ ಎಂದರು.

ಆಟೋದಲ್ಲಿ ಮನೆಗೆ ಬರುವಾಗ ನನಗೆ ಪಕ್ಕೆಯ ಉರಿಗಿಂತ ಹೆಚ್ಚಾಗಿ ಕೌದಳ್ಳಿಯ ಮನೆ ಕಾಡತೊಡಗಿತು. ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕದ ನಮ್ಮ ಹೆಂಚಿನ ಮನೆ. ಪಡಸಾಲೆಯ ಮೂಲೆ. ಅಲ್ಲಿ ಅವ್ವನ ಹಳೆಯ ಸೀರೆಯ ಮೇಲೆ ಬೇವಿನ ಸೊಪ್ಪು ಹಾಸಿ ನನ್ನನ್ನು ಮಲಗಿಸಿದ್ದರು. ಬಾಗಿಲಿಗೆ ಬೇವಿನ ಗೊಂಚಲು ಕಟ್ಟಿದ್ದರು. ಹನ್ನೊಂದು ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಸಾಸಿವೆ ಸಿಡಿದರೆ ಅಮ್ಮನಿಗೆ ಕೋಪ ಬರುತ್ತದಂತೆ. ಅಪ್ಪ ಗಡ್ಡ ಕೆರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡವರನ್ನು ಅವ್ವ ಜಗುಲಿಯ ಮೇಲೆ ಹತ್ತಿಸಲಿಲ್ಲ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಸುತ್ತಿದ್ದಳು. ಕೆರೆತ ತಡೆಯಲಾರದೆ ನಾನು ಅತ್ತರೆ ಬೇವಿನ ಎಸಳು ಹಿಡಿದು ಮೈಮೇಲೆ ಮೆಲ್ಲಗೆ ಆಡಿಸುತ್ತಿದ್ದಳು.

ಆ ದಿನಗಳಲ್ಲಿ ಅವ್ವ ನನಗೆ ಒಂದು ಸಲವೂ ಗದರಲಿಲ್ಲ. ಮೊದಲೂ ಗದರುತ್ತಿದ್ದಳು, ಆಮೇಲೂ ಗದರಿದಳು, ಆದರೆ ಆ ಹನ್ನೊಂದು ದಿನ "ತಾಯಿ" ಎಂದು ಕರೆದಳು. ಏನು ಬೇಕು ತಾಯಿ, ಸ್ವಲ್ಪ ಎಳನೀರು ಕುಡಿ ತಾಯಿ. ನನ್ನನ್ನು ಕರೆಯುತ್ತಿದ್ದಳೋ ನನ್ನ ಮೈಮೇಲೆ ಬಂದವಳನ್ನು ಕರೆಯುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ಯಾರಾದರೇನು, ನನಗೆ ಬಹಳ ಸುಖವಾಗಿತ್ತು. ಹೊಲದ ಕೆಲಸ, ದನ, ಮೂರು ಮಕ್ಕಳ ನಡುವೆ ಅವ್ವ ನನ್ನೊಬ್ಬಳಿಗೇ ಸಿಕ್ಕಿದ್ದು ಆಗ ಮಾತ್ರ.

ಮೂರನೇ ನೀರು ಹಾಕಿದ ದಿನ ಅಮ್ಮನನ್ನು ಕಳಿಸಿಕೊಟ್ಟೆವು. ಬಿಸಿಲಿಗೆ ಇಟ್ಟು ಕಾಸಿದ ಬೇವು ಅರಿಶಿನದ ನೀರಿನಲ್ಲಿ ಮೀಯಿಸಿ, ತಂಬಿಟ್ಟು ಮೊಸರನ್ನ ಮಾಡಿ, ಊರಾಚೆಯ ಬೇವಿನ ಮರದ ಬುಡದಲ್ಲಿ ಎಲೆಯ ಮೇಲಿಟ್ಟು ಅವ್ವ ಕೈಮುಗಿದಳು. ನನಗೂ ಮುಗಿಯಲು ಹೇಳಿದಳು.

"ಓಗ್ಬಾ ತಾಯಿ. ತಣ್ಣಗೆ ಓಗ್ಬಾ. ನಮ್ ಕೂಸ್ನ ತಣ್ಣಗಿಟ್ಟಿರು."

ನಾನೂ ಹೇಳಿದೆ. ಹೋಗಿ ಬಾ ತಾಯಿ.

ಮನೆಗೆ ಬಂದ ಮೇಲೆ ಚೈತ್ರಳಿಗೆ ವಿಷಯ ಹೇಳಿದಾಗ ಅವಳಿಗೆ ನಗು. "ಅಮ್ಮಂಗೆ ಅಮ್ಮ ಬಂದಿದ್ದಾಳೆ ಅನ್ನು" ಎಂದು ಗಂಡನಿಗೆ ಫೋನಿನಲ್ಲಿ ಹೇಳಿದಳು. ನನ್ನ ಬೆನ್ನು ನನ್ನ ಕೈಗೆ ಎಟುಕುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಅವಳೇ ಹತ್ತಿಯಲ್ಲಿ ಅದ್ದಿ ಲೋಷನ್ ಹಚ್ಚುತ್ತಿದ್ದಳು. ದೊಡ್ಡ ಹೊಟ್ಟೆ ಹೊತ್ತು ಹಿಂದೆ ಕೂತು, ಉಫ್ ಉಫ್ ಎಂದು ಊದುತ್ತಿದ್ದಳು. ನನ್ನ ಬಾಣಂತನಕ್ಕೆ ಬಂದವಳಾ ನೀನು ಎಂದು ನಾನು ಛೇಡಿಸುತ್ತಿದ್ದೆ. ಹಾಗೆ ನಾಲ್ಕು ದಿನ.

ಐದನೇ ದಿನ ಕೌದಳ್ಳಿಯಿಂದ ಅವ್ವ ಬಂದಳು. ನನ್ನ ತಮ್ಮ ಹನೂರಿನಲ್ಲಿ ಬಸ್ ಬದಲಾಯಿಸಿ ಕರೆದುಕೊಂಡು ಬಂದು ಬಿಟ್ಟುಹೋದ. ಎಪ್ಪತ್ತೆಂಟು ವರ್ಷ, ಬೆನ್ನು ಬಾಗಿದೆ, ಕಣ್ಣು ಮಾತ್ರ ಚುರುಕು. ಒಂದು ಕೈಯಲ್ಲಿ ಬಾಣಂತಿಗೆ ಒಣಶುಂಠಿ, ಬೆಳ್ಳುಳ್ಳಿ. ಇನ್ನೊಂದು ಕೈಯಲ್ಲಿ ಬೇವಿನ ಸೊಪ್ಪು. ಕೊಳ್ಳೇಗಾಲದಲ್ಲಿ ಬೇವು ಸಿಗುವುದಿಲ್ಲ ಎಂದು ಅವಳಿಗೆ ಯಾರು ಹೇಳಿದರೋ. ಬಂದವಳು ಬಾಗಿಲಲ್ಲೇ ನಿಂತಳು. ಚೈತ್ರ ನನ್ನ ಬೆನ್ನಿಗೆ ಲೋಷನ್ ಹಚ್ಚುತ್ತಿದ್ದಳು.

"ಬಸ್ರಿ ಎಂಗ್ಸು, ನೀನ್ಯಾಕೆ ಮುಟ್ಟಿಯೆ ಅದ್ನ?"

"ನಂಗೂ ಚಿಕ್ಕವಳಿದ್ದಾಗ ಅಮ್ಮ ಆಗಿತ್ತಲ್ಲ ಅಜ್ಜಿ. ಒಂದ್ಸಲ ಆದೋರ್ಗೆ ತೊಂದ್ರೆ ಇಲ್ವಂತೆ."

ಅವ್ವ ಸೊಪ್ಪು ಕೆಳಗಿಟ್ಟಳು.

"ನಿಂಗೆ ಬಂದಿದ್ದು ಈ ಅಮ್ಮ ಅಲ್ಲ ಕಣ್ ಕೂಸೆ. ಸಣ್ಣಮ್ಮ. ನೀರ್ಗುಳ್ಳೆ ಎಲ್ಲಿತ್ತು ನಿಂಗೆ? ಮೈಯೆಲ್ಲ ತರಿತರಿಯಾಗಿ ಕೆಂಪ್ಗೆ ಎದ್ದು, ಕಣ್ಣು ಕೆಂಪಾಗಿ, ಕೆಮ್ಮಿ ಕೆಮ್ಮಿ ಸಾಯ್ತಿದ್ದೆ. ದಡಾರ ಅದು."

ನಾನು ಚೈತ್ರಳ ಕೈಯಿಂದ ಹತ್ತಿ ಕಿತ್ತುಕೊಂಡೆ.

ನಮ್ಮ ಕಡೆ ಮೈಮೇಲೆ ಏನೇ ಎದ್ದರೂ ಅದು ಅಮ್ಮ. ನೀರುಗುಳ್ಳೆ ಎದ್ದರೂ ಅಮ್ಮ, ದಡಾರವಾದರೂ ಅಮ್ಮ. ಎರಡಕ್ಕೂ ಅದೇ ಬೇವು, ಅದೇ ಮೊಸರನ್ನ, ಅದೇ ಮರ. ಡಾಕ್ಟರು ಒಂದು ಕಾಯಿಲೆಯ ಹೆಸರು ಹಿಡಿದು ಕೇಳಿದ್ದರು. ನಾನು ಒಂದು ದೇವರ ಹೆಸರು ಹಿಡಿದು ಹೌದು ಎಂದಿದ್ದೆ. ಗುಳ್ಳೆಯ ನೀರು ತಾಗಿದ ಹತ್ತಿ ನಾಲ್ಕು ದಿನದಿಂದ ನನ್ನ ಮಗಳ ಬೆರಳುಗಳಲ್ಲಿತ್ತು. ಹೆರಿಗೆಗೆ ಐದು ವಾರ ಉಳಿದಿತ್ತು.

ಡಾಕ್ಟರಿಗೆ ಫೋನ್ ಮಾಡಿದಾಗ ಅವರ ದನಿ ಬದಲಾಯಿತು. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಚಿಕನ್ ಪಾಕ್ಸ್ ಬಂದರೆ ಮಗುವಿಗೆ ಅಪಾಯ. ಇವತ್ತೇ ರಕ್ತ ಕೊಡಿಸಿ, ಸ್ಯಾಂಪಲ್ ಮೈಸೂರಿಗೆ ಹೋಗಬೇಕು, ರಿಪೋರ್ಟ್ ಬರಲು ಎರಡು ದಿನ. ರಿಪೋರ್ಟ್ ನೋಡಿ ಇಂಜೆಕ್ಷನ್ ವಿಚಾರ. ಅಲ್ಲಿಯವರೆಗೆ ನೀವಿಬ್ಬರೂ ಬೇರೆ ಬೇರೆ ಇರಿ.

ನಾನು ಮುಂದಿನ ಹೊಲಿಗೆ ಕೋಣೆಗೆ ಹೋದೆ. ನಡುವೆ ಒಂದು ಪರದೆ. ಪರದೆಯ ಆಚೆಯಿಂದ ಚೈತ್ರ ಮಾತಾಡಿಸುತ್ತಿದ್ದಳು, ಊಟ ಆಯ್ತಾ ಅಮ್ಮ, ಮಾತ್ರೆ ತಗೊಂಡ್ಯಾ ಅಮ್ಮ. ಪ್ರತಿ ಸಲ ಅವಳು ಅಮ್ಮ ಎಂದಾಗಲೂ ನನಗೆ ಆ ಪದವೇ ಬೇಡವೆನಿಸುತ್ತಿತ್ತು. ಆ ಎರಡು ದಿನ ನಾನು ನನ್ನ ಉರಿಯನ್ನು ಮರೆತಿದ್ದೆ ಎಂದರೆ ಸುಳ್ಳು. ಉರಿಯುತ್ತಲೇ ಇತ್ತು. ಆದರೆ ಅದು ನನಗೆ ಸರಿಯಾದ ಶಿಕ್ಷೆ ಎನಿಸುತ್ತಿತ್ತು. ಅವ್ವ ಮಾತ್ರ ಇಬ್ಬರ ನಡುವೆ ಓಡಾಡುತ್ತ, ನನ್ನ ಬೆನ್ನು ಊದುವ ಕೆಲಸ ತಾನೇ ವಹಿಸಿಕೊಂಡಳು. ಅವಳ ಮೈತುಂಬ ಚಿಕ್ಕಂದಿನ ನೀರುಗುಳ್ಳೆಯ ಕಲೆಗಳಿದ್ದವು, ಅವಳ ಬಗ್ಗೆ ಅನುಮಾನವೇ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಯಜಮಾನರ ಫೋನಿಗೆ ರಿಪೋರ್ಟ್ ಬಂತು. ಅವರು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನೆಲದ ಮೇಲೆ ಕುಳಿತರು.

"ಪಾಸಿಟಿವ್."

ಪರದೆಯ ಆಚೆ ಚೈತ್ರ ಅಳುವುದು ಕೇಳಿಸಿತು. ಅವ್ವ ಎರಡೂ ಕೈಯನ್ನು ಬೆಟ್ಟದ ದಿಕ್ಕಿಗೆ ಮುಗಿದು "ಮಾದಪ್ಪಾ" ಎಂದಳು. ಕೊರೊನಾ ಕಂಡ ನಮಗೆಲ್ಲ ಆ ಪದ ಚೆನ್ನಾಗಿ ಗೊತ್ತಿತ್ತು. ಯಜಮಾನರು ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಡಾಕ್ಟರು ರಿಪೋರ್ಟನ್ನು ತಮ್ಮ ಫೋನಿಗೆ ತರಿಸಿಕೊಂಡು ನೋಡಿ ನಕ್ಕುಬಿಟ್ಟರು.

"ಇದು ಐಜಿಜಿ ಟೆಸ್ಟ್ ಯಜಮಾನ್ರೇ. ಇದ್ರಲ್ಲಿ ಪಾಸಿಟಿವ್ ಅಂದ್ರೆ ಒಳ್ಳೇದು. ನಿಮ್ಮ ಮಗಳಿಗೆ ಯಾವಾಗಲೋ ಚಿಕನ್ ಪಾಕ್ಸ್ ಬಂದಿದೆ, ಒಂದೆರಡು ಗುಳ್ಳೆ ಎದ್ದು ಹೋಗಿರಬೇಕು. ನೀವು ಸೊಳ್ಳೆ ಕಚ್ಚಿದ್ದು ಅಂದ್ಕೊಂಡಿರ್ತೀರಿ. ರಕ್ಷಣೆ ಇದೆ. ಮಗುಗೂ ಹೋಗಿರತ್ತೆ ಆ ರಕ್ಷಣೆ."

ಯಜಮಾನರು ನೆಲದಿಂದ ಏಳಲು ಹೊರಟು, ಏಳಲಾರದೆ, ಹಾಗೇ ಕೂತು ಅತ್ತರು. ನಮ್ಮ ಮದುವೆಯಾದ ಮೇಲೆ ನಾನು ಅವರ ಅಳು ನೋಡಿದ್ದು ಅದೇ ಮೊದಲು.

ಅವ್ವನಿಗೆ ಮಾತ್ರ ಸಮಾಧಾನವಿಲ್ಲ. "ನಮ್ಗೆ ಗೊತ್ತೇ ಆಗ್ದಂಗೆ ಬಂದು ಓದ್ಲಾ?" ಎಂದಳು.

ಚೈತ್ರ ಕಣ್ಣೊರೆಸಿಕೊಳ್ಳುತ್ತ ಹೇಳಿದಳು, "ಹೋಗಿಲ್ಲ ಅಜ್ಜಿ. ನನ್ನೊಳಗೂ ಇದ್ದಾಳಂತೆ ಈಗ."

ಯುಗಾದಿ ಕಳೆದ ಮೇಲೆ ಹೆಣ್ಣು ಕೂಸು ಹುಟ್ಟಿತು. ಮೂರು ಕೆಜಿಗೆ ಸ್ವಲ್ಪ ಕಡಿಮೆ. ತಲೆತುಂಬ ಕೂದಲು. ನನ್ನ ಗುಳ್ಳೆಗಳು ಆಗಲೇ ಒಣಗಿ, ಹಕ್ಕಳೆ ಉದುರಿ, ತಿಳಿಗಂದು ಕಲೆಯಷ್ಟೇ ಉಳಿದಿತ್ತು. ಮಗುವನ್ನು ಮುಟ್ಟಬಹುದು ಎಂದು ಡಾಕ್ಟರು ಹೇಳಿದ್ದರು.

ಮುಟ್ಟಲು ನನ್ನಿಂದಾಗಲಿಲ್ಲ.

ಗುಳ್ಳೆ ಹೋಯಿತು, ಉರಿ ಹೋಗಲಿಲ್ಲ. ಹೋಗದಿರುವುದು ಮಾತ್ರವಲ್ಲ, ಹೊಸ ಥರವಾಯಿತು. ಗಟ್ಟಿಯಾಗಿ ಒತ್ತಿದರೆ ಅಷ್ಟು ನೋವಿಲ್ಲ. ಸೆರಗು ಸವರಿಕೊಂಡು ಹೋದರೆ ಬೆಂಕಿ. ಫ್ಯಾನಿನ ಗಾಳಿ ತಗುಲಿದರೆ ಬೆಂಕಿ. ಆಸ್ಪತ್ರೆಯಲ್ಲಿ ನರ್ಸ್ ತಂದು ಕೊಟ್ಟ ಕೂಸನ್ನು ಅಭ್ಯಾಸಬಲದಿಂದ ಎಡಗಡೆಗೆ ಎತ್ತಿಕೊಂಡೆ. ಅದರ ಪುಟ್ಟ ಕಾಲು ಪಕ್ಕೆಗೆ ತಾಗಿತು. ನಾನು ಕಿರುಚಿದೆ. ಕೂಸು ಬೆಚ್ಚಿ ಅತ್ತಿತು. ಅವ್ವ ಕಿತ್ತುಕೊಂಡಳು.

ಡಾಕ್ಟರು ಅದಕ್ಕೂ ಒಂದು ಹೆಸರು ಹೇಳಿದರು. ಪೋಸ್ಟ್ ಹರ್ಪಿಟಿಕ್ ನ್ಯೂರಾಲ್ಜಿಯಾ. "ವೈರಸ್ ಮತ್ತೆ ಮಲಗಿದೆ ಮಾದೇವಮ್ಮ. ಅದು ಎದ್ದು ಓಡಾಡಿದ ನರ ಮಾತ್ರ ಇನ್ನೂ ಮಲಗಿಲ್ಲ." ಎಷ್ಟು ದಿನ ಎಂದು ಕೇಳಿದೆ. ತಿಂಗಳುಗಳಾಗಬಹುದು, ಕೆಲವರಿಗೆ ವರ್ಷವೂ ಆಗಬಹುದು ಎಂದರು. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರು.

"ಸುಮ್ನೆ ಕೂತಿದ್ರೆ ಐದು ಸಾ. ಬ್ಲೌಸ್ ಆಕಂಡ್ರೆ ಒಂಬತ್ತು."

"ಹಾಗಾದ್ರೆ ಬ್ಲೌಸ್ ಹಾಕಬೇಡಿ ಸ್ವಲ್ಪ ದಿನ."

"ನಾನು ಬ್ಲೌಸ್ ಒಲಿಯೋಳು ಸಾ."

ಅವರು ನಗಲಿಲ್ಲ. ನಾನೇ ನಕ್ಕೆ.

ನರದ ನೋವಿಗೆಂದು ಪ್ರಿಗ್ಯಾಬಲಿನ್ ಮಾತ್ರೆ ಶುರುವಾಯಿತು. ಅದನ್ನು ನುಂಗಿದರೆ ನೋವು ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು, ಅದರ ಜೊತೆ ನನ್ನ ಬುದ್ಧಿಯೂ. ಒಪ್ಪಿಕೊಂಡಿದ್ದ ಹಳೆಯ ಬ್ಲೌಸೊಂದಕ್ಕೆ ಎರಡೂ ಎಡಗೈ ತೋಳು ಕತ್ತರಿಸಿದೆ. ಆಮೇಲೆ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟೆ. ಬಂದವರು ನೋಡಿ "ಚೆನ್ನಾಗೇ ಇದ್ದೀರಲ್ಲ" ಎನ್ನುತ್ತಿದ್ದರು. ಗುಳ್ಳೆ ಇದ್ದಾಗ ತೋರಿಸಲು ಏನಾದರೂ ಇತ್ತು. ಈಗ ತೋರಿಸಲು ಏನಿದೆ? ಕಾಯಿಲೆ ಮುಗಿದ ಮೇಲೆ ಉಳಿಯುವ ಕಾಯಿಲೆಗೆ ನಮ್ಮಲ್ಲಿ ಹೆಸರೂ ಇಲ್ಲ, ಅದಕ್ಕೆಂದು ಯಾರೂ ಎಳನೀರು ಹಿಡಿದುಕೊಂಡು ಬರುವುದೂ ಇಲ್ಲ. ನನಗೆ ಕೋಪ ಬರುತ್ತಿತ್ತು. ಪುಟ್ಟತಾಯಮ್ಮನ ಮೇಲೆ, ಕೆಮ್ಮಣ್ಣಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಬಾಣಂತನ ಅವ್ವ ಮಾಡಿದಳು. ಬಾಗಿದ ಬೆನ್ನಿನ ಮುದುಕಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಚೊಂಬು ಎತ್ತಿಕೊಡುತ್ತಿದ್ದೆ. ನನ್ನ ಕೈ ಚಾಚಿದರೆ ಎಟುಕುವಷ್ಟು ಹತ್ತಿರ ಇತ್ತು ಕೂಸು. ಒಮ್ಮೊಮ್ಮೆ ಕೊಟ್ಟಿಗೆಯ ಕಡೆ ಹೋಗಿ ಅತ್ತು ಬರುತ್ತಿದ್ದೆ. ಕೊಟ್ಟಿಗೆಯಲ್ಲಿ ದನ ಇಲ್ಲದೆ ಹದಿನೈದು ವರ್ಷವಾಯಿತು, ಈಗ ಯಜಮಾನರ ಗೊಬ್ಬರದ ಚೀಲಗಳಿವೆ.

ಒಂದು ದಿನ ಅವ್ವ ಊರಿನಿಂದ ತಂದಿದ್ದ ಬಟ್ಟೆಯ ಗಂಟಿನಿಂದ ಒಂದು ಸೀರೆ ತೆಗೆದು ಕೊಟ್ಟಳು. ನಮ್ಮಜ್ಜಿಯದಂತೆ. ಕಪ್ಪು ಕೆಂಪು ಚೌಕುಳಿಯದು, ಒಗೆದು ಒಗೆದು ಬಣ್ಣವೇ ಮರೆತುಹೋದಂತಿತ್ತು. ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ.

"ಬಿಚ್ಚಾಕು ಆ ಬ್ಲೌಸ್ನ. ನಮ್ಮತ್ತೆ ಯಾವತ್ತು ಕುಪ್ಸ ಆಕಿದ್ಲು? ಈ ಸೀರೇನೇ ಸುತ್ಕಂಡು ಅಷ್ಟ್ ದೊಡ್ಡ ಬಾಳಾಟ ಮಾಡ್ನಿಲ್ವಾ?"

ಅಜ್ಜಿ ಸೀರೆ ಉಡುತ್ತಿದ್ದುದು ನನಗೆ ನೆನಪಿತ್ತು. ಸೆರಗನ್ನು ಎದೆಯ ಮೇಲಿನಿಂದ ತಂದು ಭುಜದ ಮೇಲೆ ಗಂಟು ಹಾಕುತ್ತಿದ್ದಳು. ಎಡ ಪಕ್ಕೆ ಬರಿದೇ ಇರುತ್ತಿತ್ತು. ಕಡಲೆಕಾಯಿ ಬಿಡಿಸುತ್ತ ಕೂತವಳ ಆ ತಣ್ಣನೆಯ ಪಕ್ಕೆಗೆ ನಾವು ಮೊಮ್ಮಕ್ಕಳು ಕೆನ್ನೆ ಇಟ್ಟು ಒರಗುತ್ತಿದ್ದೆವು. ಎಲೆಯಡಿಕೆಯ ವಾಸನೆ, ಮಣ್ಣಿನ ವಾಸನೆ. ಬ್ಲೌಸ್ ಬಂದ ಮೇಲೆ ಆ ಜಾಗ ಎಲ್ಲರಿಗೂ ಮುಚ್ಚಿಹೋಯಿತು. ಮುಚ್ಚಿದವರಲ್ಲಿ ನಾನೂ ಒಬ್ಬಳು.

ಉಟ್ಟೆ. ಎಷ್ಟೋ ವಾರಗಳ ನಂತರ ಪಕ್ಕೆಗೆ ಏನೂ ತಾಗಲಿಲ್ಲ. ಕೊಳ್ಳೇಗಾಲದಲ್ಲಿ ಫಿಟ್ಟಿಂಗಿಗೆ ಹೆಸರಾದ ಟೈಲರ್ ಮಾದೇವಮ್ಮ ಬ್ಲೌಸಿಲ್ಲದೆ ಮನೆಯೊಳಗೆ ಓಡಾಡತೊಡಗಿದಳು. ಗಿರಾಕಿಗಳು ಬಂದರೆ ಪರದೆಯ ಹಿಂದಿನಿಂದ ಮುಖ ಮಾತ್ರ ಹೊರಗೆ ಹಾಕಿ ಮಾತಾಡಿಸುತ್ತಿದ್ದೆ. ಚೈತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಉರಿ ಒಂಬತ್ತರಿಂದ ಏಳಕ್ಕೆ, ಏಳರಿಂದ ಐದಕ್ಕೆ ಇಳಿಯುವಷ್ಟರಲ್ಲಿ ಕೂಸಿಗೆ ಐದು ತಿಂಗಳು ತುಂಬಿತು. ಯಳಂದೂರಿನವರು ಬಂದು ಕರೆದುಕೊಂಡು ಹೋಗುವ ದಿನ ಗೊತ್ತಾಯಿತು. ಅಷ್ಟರಲ್ಲಿ ನಾನು ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದೆ, ತೊಟ್ಟಿಲು ತೂಗಿದ್ದೆ, ಬಲಗಡೆಗೆ ಎತ್ತಿಕೊಂಡಿದ್ದೆ. ಬಲಗಡೆ ಅದಕ್ಕೆ ಒಗ್ಗುತ್ತಿರಲಿಲ್ಲ, ನನಗೂ ಒಗ್ಗುತ್ತಿರಲಿಲ್ಲ. ಎಡಕ್ಕೆ ಹಾಕಿಕೊಂಡು ಎದೆಗೆ ಒತ್ತಿಕೊಳ್ಳಲು ಮಾತ್ರ ಧೈರ್ಯ ಬಂದಿರಲಿಲ್ಲ. ಮತ್ತೆ ಕಿರುಚಿದರೆ? ಕೂಸು ಈಗ ಮುಖ ಗುರುತು ಹಿಡಿಯುತ್ತದೆ. ಅಜ್ಜಿ ಎಂದರೆ ಕಿರುಚುವವಳು ಎಂದುಕೊಂಡರೆ?

ಹೊರಡುವ ಹಿಂದಿನ ದಿನ ಅವ್ವ ತಂಬಿಟ್ಟಿಗೆ ಅಕ್ಕಿ ನೆನೆಹಾಕಿದಳು.

"ಯಾತ್ಕವ್ವ?"

"ಅಮ್ಮನ್ನ ಕಳ್ಸಿಕೊಡ್ನೇ ಇಲ್ವಲ್ಲ ಈ ಸಲ. ಅದ್ಕೇ ಉರಿ ಓಗಿಲ್ಲ ನಿಂಗೆ."

ನನಗೆ ರೇಗಿತು. ಏಳು ತಿಂಗಳ ಉರಿ ಎಲ್ಲ ಅವಳ ಮೇಲೆ ಹೊರಟಿತು. "ಆವತ್ತು ಕಳ್ಸಿಕೊಟ್ಯಲ್ಲ, ಓದ್ಲಾ? ನಲವತ್ತೆಂಟು ವರ್ಷ ಇಲ್ಲೇ ಕೂತಿದ್ಲು. ನೀನೇ ಅಲ್ವಾ ಮರದ್ ಹತ್ರ ನಿಂತ್ಕಂಡು ಓಗ್ಬಾ ಓಗ್ಬಾ ಅಂದೋಳು? ಓಗು ಅನ್ಬೇಕಿತ್ತು. ಬಾ ಅಂತ ಯಾಕಂದೆ? ಬಂದವ್ಳೆ ನೋಡು!"

ಅವ್ವ ಅಕ್ಕಿ ತೊಳೆಯುವುದನ್ನು ನಿಲ್ಲಿಸಿದಳು.

"ಮನೆಗೆ ಬಂದೋರ್ನ ಓಗು ಅಂತ ಎಂಗೆ ಅಂದಾರು ಮಾದೇವಿ? ನಂಗೆ ಆ ಮಾತು ಬಾಯಿಗೇ ಬರಾಕಿಲ್ಲ. ನಿಮ್ಮಪ್ಪನ್ನ ಎತ್ಕಂಡು ಓಗುವಾಗ್ಲೂ ಓಗ್ಬನ್ನಿ ಅಂತ್ಲೇ ಅಂದೆ. ಅವ್ರು ಬರ್ನಿಲ್ಲ. ಇವ್ಳು ಬಂದ್ಲು."

ಅವಳ ಪಕ್ಕ ಕೂತು ಉಳಿದ ಅಕ್ಕಿ ನಾನು ತೊಳೆದೆ.

ಮಾರನೇ ದಿನ ನಾನು ಅಜ್ಜಿಯ ಸೀರೆಯಲ್ಲೇ ಬೀದಿಗಿಳಿದೆ. ತಂಬಿಟ್ಟು ಮೊಸರನ್ನವನ್ನು ನಮ್ಮ ಬೀದಿಯ ಕೊನೆಯ ಬೇವಿನ ಮರದ ಬುಡದಲ್ಲಿಟ್ಟೆವು. ಅವ್ವ ಕೈಮುಗಿದು ನನ್ನ ಮುಖ ನೋಡಿದಳು. ಏನು ಹೇಳಬೇಕೆಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹೋಗು ಎನ್ನುವುದು ಸುಳ್ಳು, ಹೋಗುವವಳಲ್ಲ. ಹೋಗಿ ಬಾ ಎನ್ನಲು ಧೈರ್ಯವಿಲ್ಲ. ಇಬ್ಬರೂ ಸುಮ್ಮನೆ ಕೈಮುಗಿದು ಬಂದೆವು.

ಮನೆಯ ಮುಂದೆ ಕಾರು ನಿಂತಿತ್ತು. ಅಳಿಯ ಸಾಮಾನು ಇಡುತ್ತಿದ್ದ. ಚೈತ್ರ ಸೀರೆ ನೆರಿಗೆ ಸರಿಮಾಡಿಕೊಳ್ಳಲು "ಹಿಡ್ಕೊ ಅಮ್ಮ ಒಂದ್ನಿಮಿಷ" ಎಂದು ಕೂಸನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಯೋಚನೆ ಮಾಡಲು ಸಮಯವೇ ಸಿಗಲಿಲ್ಲ. ಎಡಗೈಗೇ ಬಂತು. ಅದರ ಬೆಚ್ಚನೆಯ ಮೈ ನನ್ನ ಬರಿಯ ಪಕ್ಕೆಗೆ ಅಂಟಿಕೊಂಡಿತು.

ಉರಿಯಿತು.

ಚೆನ್ನಾಗಿಯೇ ಉರಿಯಿತು. ಕಣ್ಣಲ್ಲಿ ನೀರು ಬಂತು. ಆದರೆ ಕಿರುಚಲಿಲ್ಲ. ಕೂಸು ತೊಟ್ಟಿಲ ನಿದ್ದೆಯಿಂದ ಎದ್ದದ್ದು, ಇನ್ನೂ ಮಂಪರಿನಲ್ಲಿತ್ತು. ನನ್ನ ಅಜ್ಜಿಯ ಸೀರೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಕೆನ್ನೆಯನ್ನು ಅದೇ ಕಲೆಯ ಮೇಲೆ ಇಟ್ಟು ಒರಗಿತು. ನಾನು ಅದರ ಬೆನ್ನು ತಟ್ಟತೊಡಗಿದೆ. ಬಾಯಿಗೆ ತಾನಾಗಿಯೇ ಮಾತು ಬಂತು.

"ಮಲಕ್ಕೊ ತಾಯಿ. ಇಲ್ಲೇ ಮಲಕ್ಕೊ. ಏಳ್ಬೇಡ."

ಯಾರಿಗೆ ಹೇಳುತ್ತಿದ್ದೇನೆ ಎಂದು ಅರೆಕ್ಷಣ ನನಗೇ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ತಿಳಿಯಿತು. ಅವಳು ಮತ್ತೆ ಕೈಮುಗಿದಳು.

ಕೂಸು ನಿದ್ದೆ ಹೋಯಿತು. ಚೈತ್ರ ನೆರಿಗೆ ಸರಿಮಾಡಿಕೊಂಡು ಆಗಲೇ ಬಂದು ನಿಂತಿದ್ದಳು, ಕೈ ಚಾಚದೆ, ಕಾರಿನ ಬಾಗಿಲು ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ಅಳಿಯ ಗಡಿಯಾರ ನೋಡಿಕೊಂಡ. ಯಾರೂ ಅವಸರ ಮಾಡಲಿಲ್ಲ.

ಈಗ ಉರಿ ಮೂರಕ್ಕೆ ಬಂದಿದೆ. ಕೆಲವು ದಿನ ಎರಡು. ಮಾತ್ರೆ ಕಡಿಮೆಯಾಗಿದೆ. ಮೆಷಿನ್ನಿನ ಮೇಲಿನ ಬಟ್ಟೆ ತೆಗೆದಿದ್ದೇನೆ. ಪಟ್ಟಿ ಸಡಿಲವಿಟ್ಟು ನನಗೊಂದು ಬ್ಲೌಸ್ ಹೊಲಿದುಕೊಂಡಿದ್ದೇನೆ, ಫಿಟ್ಟಿಂಗ್ ಚೆನ್ನಾಗಿಲ್ಲ. ಆವತ್ತು ಕಾರು ಹೊರಡುವಾಗ ಮಾತ್ರ, ಕೂಸನ್ನು ಚೈತ್ರಳ ಕೈಗೆ ದಾಟಿಸಿ, ಮಗಳ ತಲೆ ಸವರಿ, ನಮ್ಮವರು ಹೇಳುವ ಮಾತನ್ನೇ ಹೇಳಿದೆ.

"ಹೋಗಿ ಬಾ."